ಬಿನ್ನಹದ ಒಕ್ಕಣೆ: ಅಂತರ್ಜಾಲದ ಆದಿಕಾಲದಲ್ಲಿ ಪರಿಸರ ಚರಗಳು

ಶಾಸನವನ್ನಾಗಲಿ ಹಳೆಯ ಕಾಗದಪತ್ರವನ್ನಾಗಲಿ ಪರಿಶೀಲಿಸುವ ವಿದ್ವಾಂಸನು ಅದರ ವಿಷಯಕ್ಕಿಂತ ಮೊದಲು ಒಕ್ಕಣೆಯನ್ನು ನೋಡುತ್ತಾನೆ. ಬರೆಸಿದವನು ಯಾರು, ಯಾವ ಕಾಲ, ಯಾವ ಸ್ಥಳ, ಯಾರ ಮುಖಾಂತರ ಬಂದ ಮಾತು ಎಂಬ ಸಂಗತಿಗಳು ಅಲ್ಲಿ ದೊರೆಯುತ್ತವೆ. ಕಾರ್ಕಳದ ಗೊಮ್ಮಟಮೂರ್ತಿಯ ಶಾಸನದಲ್ಲಿ ಶಕವರ್ಷ 1353 ಎಂಬ ಕಾಲನಿರ್ದೇಶವೂ ವೀರಪಾಂಡ್ಯನ ಹೆಸರೂ ಅವನಿಗೆ ಪ್ರೇರಕನಾದ ಲಲಿತಕೀರ್ತಿ ಗುರುವಿನ ಹೆಸರೂ ಇರುವುದರಿಂದಲೇ ಆ ಮೂರ್ತಿಯ ಪ್ರತಿಷ್ಠೆ ಕ್ರಿ. ಶ. 1432ರಲ್ಲಿ ನಡೆಯಿತೆಂದು ನಾವು ನಿಸ್ಸಂದೇಹವಾಗಿ ಹೇಳಬಲ್ಲೆವು. ಆ ಕೆಲವು ಪಂಕ್ತಿಗಳಿಲ್ಲದಿದ್ದರೆ ಅಷ್ಟು ದೊಡ್ಡ ಕಲ್ಲು ತನ್ನ ಕಾಲವನ್ನು ಕುರಿತು ಮೂಕವಾಗಿಯೇ ಇರುತ್ತಿತ್ತು. ಇನ್ನು ಒಕ್ಕಣೆಯ ಮಾತುಗಳೆಲ್ಲವೂ ಒಂದೇ ತೂಕದವಲ್ಲವೆಂಬುದೂ ಶಾಸನಜ್ಞರಿಗೆ ತಿಳಿದೇ ಇದೆ. ರಾಜನು ತನ್ನನ್ನು ಕುರಿತು ಹೇಳಿಕೊಂಡ ಬಿರುದಾವಳಿಗೂ ಲೇಖಕನು ಕಣ್ಣಾರೆ ಕಂಡು ದಾಖಲಿಸಿದ ಮೇರೆಗಳಿಗೂ ಪ್ರಮಾಣದಲ್ಲಿ ಅಂತರವುಂಟು.

ಪ್ರಕೃತ ಲೇಖನದಲ್ಲಿ ಇಂಥದೇ ಇನ್ನೊಂದು ಒಕ್ಕಣೆಯ ಚರಿತ್ರೆಯನ್ನು ವಾಚಕರ ಮುಂದಿಡಲು ಉದ್ದೇಶಿಸಿದ್ದೇವೆ. ಇಂದು ನಿಘಂಟನ್ನು ನೋಡಲು, ಹಸ್ತಪ್ರತಿಯ ಸೂಚಿಯನ್ನು ಹುಡುಕಲು, ಹಳೆಯ ಸಂಚಿಕೆಯೊಂದನ್ನು ತೆರೆಯಲು ನಾವು ಅಂತರ್ಜಾಲಕ್ಕೆ ಹೋಗುತ್ತೇವೆ. ಉಡುಪಿಯಲ್ಲಿ ಕುಳಿತವನೊಬ್ಬನು ಶೋಧದ ಚೌಕದಲ್ಲಿ ಒಂದು ಪದವನ್ನು ಬರೆದು ಕಳುಹಿಸಿದರೆ ಅದು ದೂರದ ಸರ್ವರ್ ಯಂತ್ರವನ್ನು ತಲುಪಿ, ಅಲ್ಲಿ ಉತ್ತರವನ್ನು ಸಿದ್ಧಪಡಿಸುವ ಕ್ರಮವಿಧಿಯ ಕೈಗೆ ಸೇರುತ್ತದೆ. ಆ ಕ್ರಮವಿಧಿಗೆ ಬಂದವನಾರೆಂದು ತಿಳಿಯುವುದು ಹೇಗೆ? ಅವನು ಏನು ಕೇಳಿದನು, ಯಾವ ಭಾಷೆಯಲ್ಲಿ ಉತ್ತರವನ್ನು ಬಯಸಿದನು ಎಂಬುದು ಯಾವ ರೂಪದಲ್ಲಿ ಅದಕ್ಕೆ ತಲುಪುತ್ತದೆ? ಅಂತರ್ಜಾಲದ ಆದಿಕಾಲದಲ್ಲಿ ಈ ಪ್ರಶ್ನೆಗಳಿಗೆ ದೊರೆತ ಉತ್ತರವೇ ಪರಿಸರ ಚರಗಳು. 'ಎನ್ವಿರಾನ್‌ಮೆಂಟ್ ವೇರಿಯಬಲ್' ಎಂಬುದನ್ನು ಹೀಗೆ ಕನ್ನಡಿಸುವುದು ಈಗ ರೂಢಿಯಲ್ಲಿದೆ. ಪರಿಸರವೆಂದೊಡನೆ ಕಾಡು ಹೊಳೆಗಳ ನೆನಪು ಬರುವ ಈ ದಿನಗಳಲ್ಲಿ ಪದವು ಅಷ್ಟು ಹಿತವಾದುದೆಂದು ನಮಗೆ ತೋರದಿದ್ದರೂ ಬಳಕೆಗೆ ಬಂದುದನ್ನು ಕೈಬಿಡಲು ಮನಸ್ಸಿಲ್ಲ.

ಈ ಪದ್ಧತಿಯು ಅಂತರ್ಜಾಲಕ್ಕಿಂತ ಹಳೆಯದು. ಅಮೆರಿಕೆಯ ಬೆಲ್ ಪ್ರಯೋಗಶಾಲೆಯಿಂದ 1979ರಲ್ಲಿ ಹೊರಬಂದ ಯುನಿಕ್ಸ್ ವ್ಯವಸ್ಥೆಯ ಏಳನೆಯ ಆವೃತ್ತಿಯಲ್ಲಿ, ಸ್ಟೀಫನ್ ಬೋರ್ನ್ ಅವರ ಆಜ್ಞಾಪಾಲಕ ಶೆಲ್ಲಿನ ಜೊತೆಗೆ, ಅದು ಕಾಣಬರುತ್ತದೆ. ಒಂದು ಕ್ರಮವಿಧಿಯು ಇನ್ನೊಂದನ್ನು ಹುಟ್ಟಿಸುವಾಗ 'ಹೆಸರು, ಸಮಚಿಹ್ನೆ, ಬೆಲೆ' ಎಂಬ ರೂಪದ ಸಾಲುಗಳ ಒಂದು ಕಂತೆಯನ್ನು ಅದರ ಕೈಗಿಡುತ್ತದೆ. ಮನೆಯ ದಾರಿ ಯಾವುದು, ಬಳಕೆದಾರನ ಹೆಸರೇನು ಎಂಬಂಥ ಸಾಮಾನ್ಯ ಸಂಗತಿಗಳು ಅದರಲ್ಲಿ ಇರುತ್ತವೆ. ಮಗುವಿಗೆ ದೊರೆಯುವುದು ನಕಲು ಮಾತ್ರ. ಅದು ತನ್ನ ನಕಲನ್ನು ಎಷ್ಟು ತಿದ್ದಿದರೂ ತಾಯಿಯ ಮೂಲಕ್ಕೆ ಏನೂ ಆಗದು. ಆಸ್ತಿಯು ಮೇಲಿನಿಂದ ನೇರವಾಗಿ ಕೆಳಗಿಳಿಯುವುದೇ ಹೊರತು ಅಡ್ಡಕ್ಕೆ ಹರಿಯದು. ಇದು ಮಕ್ಕಳ ಸಂತಾನದ ಕಟ್ಟಳೆ, ಅಳಿಯಸಂತಾನದ್ದಲ್ಲ ಎಂದರೆ ತುಳುನಾಡಿನ ವಾಚಕರಿಗೆ ಬೇಗನೆ ತಿಳಿದೀತು.

ಜಿನೀವದ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಅವರು ಆರಂಭಿಸಿದ ಜಾಲವು ಮೊದಲು ಇದ್ದ ಬರಹಗಳನ್ನು ಇದ್ದಂತೆ ಕೊಡುವ ಭಂಡಾರವಾಗಿತ್ತು. ಕೇಳಿದವನಿಗೆ ತಕ್ಕಂತೆ ಉತ್ತರವನ್ನು ಆ ಕ್ಷಣದಲ್ಲೇ ರಚಿಸಿಕೊಡಬೇಕಾದರೆ ಸರ್ವರ್ ಬೇರೊಂದು ಕ್ರಮವಿಧಿಯನ್ನು ಕರೆಯಬೇಕಾಗುತ್ತಿತ್ತು. ಆ ಕರೆಯುವ ರೀತಿಯು ಒಂದೊಂದು ಸರ್ವರಿನಲ್ಲಿ ಒಂದೊಂದು ಬಗೆಯಾಗಿತ್ತು. ಒಂದಕ್ಕಾಗಿ ಬರೆದ ಕ್ರಮವಿಧಿ ಇನ್ನೊಂದರಲ್ಲಿ ನಡೆಯದು. ಈ ತೊಡಕನ್ನು ನಿವಾರಿಸಲು 1993ರ ಕೊನೆಯ ತಿಂಗಳುಗಳಲ್ಲಿ ಸರ್ವರ್‌ಗಳ ರಚನೆಕಾರರ ನಡುವೆ ಪತ್ರವ್ಯವಹಾರ ನಡೆದು ಒಂದು ಒಡಂಬಡಿಕೆಯಾಯಿತು. ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದ ರಾಬ್ ಮ್ಯಾಕೂಲ್, ಸರ್ನಿನ ಆರಿ ಲುವೊಟೊನೆನ್, ಹಾಗೂ ಜಾನ್ ಫ್ರ್ಯಾಂಕ್ಸ್, ಜಾರ್ಜ್ ಫಿಲಿಪ್ಸ್, ಟೋನಿ ಸ್ಯಾಂಡರ್ಸ್ ಇವರು ಅದರಲ್ಲಿ ಮುಖ್ಯರು. ಒಡಂಬಡಿಕೆಯ ಹೆಸರು ಕಾಮನ್ ಗೇಟ್‌ವೇ ಇಂಟರ್‌ಫೇಸ್, ಸಂಕ್ಷೇಪವಾಗಿ ಸಿಜಿಐ. ಬಿನ್ನಹವನ್ನು ಕುರಿತ ಸಂಗತಿಗಳನ್ನೆಲ್ಲ ಪರಿಸರ ಚರಗಳಲ್ಲಿ ತುಂಬಿ ಕೊಡತಕ್ಕದ್ದು, ಬಿನ್ನಹಕ್ಕೆ ಒಡಲಿದ್ದರೆ ಅದನ್ನು ಸಾಮಾನ್ಯ ಆದಾನಮಾರ್ಗದಿಂದ ಓದತಕ್ಕದ್ದು ಎಂಬುದು ಅದರ ಸಾರ.

ಪರಿಸರವನ್ನೇ ಏಕೆ ಆರಿಸಿಕೊಂಡರು? ಅದು ಆಗಲೇ ಕೈಯಳವಿನಲ್ಲಿದ್ದುದೇ ಮುಖ್ಯ ಕಾರಣವೆಂದು ನಾವು ಭಾವಿಸುತ್ತೇವೆ. ಕ್ರಮವಿಧಿಯನ್ನು ಸಿ ಭಾಷೆಯಲ್ಲಿ ಬರೆದವನು 'ಗೆಟೆನ್ವ್' ಎಂಬ ಕರೆಯಿಂದ, ಪರ್ಲ್ ಭಾಷೆಯವನು 'ಎನ್ವ್' ಎಂಬ ಕೋಷ್ಟಕದಿಂದ, ಶೆಲ್ಲಿನವನು ಹೆಸರಿನ ಹಿಂದೆ ಡಾಲರ್ ಚಿಹ್ನೆಯೊಂದನ್ನಿಟ್ಟು ಅದೇ ಸಂಗತಿಯನ್ನು ಪಡೆಯಬಹುದಾಗಿತ್ತು. ಯಾರೂ ಹೊಸದಾಗಿ ಏನನ್ನೂ ಕಲಿಯಬೇಕಾಗಲಿಲ್ಲ. ಒಂದು ಬಿನ್ನಹಕ್ಕೆ ಒಂದು ಕ್ರಮವಿಧಿ ಹುಟ್ಟಿ, ಉತ್ತರವನ್ನಿತ್ತು, ಸಾಯುತ್ತಿದ್ದುದರಿಂದ ಒಬ್ಬನ ಒಕ್ಕಣೆ ಇನ್ನೊಬ್ಬನದರೊಡನೆ ಬೆರೆಯುವ ಭಯವೂ ಇರಲಿಲ್ಲ.

ಈ ಒಡಂಬಡಿಕೆಯು ಹತ್ತು ವರ್ಷಗಳಿಗೂ ಹೆಚ್ಚು ಕಾಲ ಅಭ್ಯಾಸಬಲದಿಂದಲೇ ನಡೆದುಬಂದು, 2004ರ ಅಕ್ಟೋಬರಿನಲ್ಲಿ ಆರ್‌ಎಫ್‌ಸಿ 3875 ಎಂಬ ಸಂಖ್ಯೆಯ ಬರಹವಾಗಿ ಡೇವಿಡ್ ರಾಬಿನ್ಸನ್ ಮತ್ತು ಕೆನ್ ಕೋರ್ ಅವರ ಹೆಸರಿನಲ್ಲಿ ಪ್ರಕಟವಾಯಿತು. ಲಕ್ಷ್ಯವು ಮೊದಲು, ಲಕ್ಷಣವು ಆಮೇಲೆ ಎಂಬ ನಮ್ಮ ವ್ಯಾಕರಣಗಳ ಚರಿತ್ರೆಯೇ ಇಲ್ಲಿಯೂ ನಡೆದಿದೆ. ಆ ಬರಹವು 17 ಹೆಸರುಗಳನ್ನು ಎಣಿಸಿ, ಅವುಗಳನ್ನು ಪರಿಸರ ಚರಗಳೆನ್ನದೆ 'ಮೆಟಾ ಚರ'ಗಳೆಂದು ಕರೆಯಿತು. ಹೆಸರುಗಳು ಒಡಂಬಡಿಕೆಗೆ ಸೇರಿದುವು, ಅವನ್ನು ಸಾಗಿಸುವ ಗಾಡಿ ಯಾವುದಾದರೂ ಆಗಬಹುದು ಎಂಬ ವಿವೇಕವು ಆ ಹೊತ್ತಿಗೆ ಮೂಡಿತ್ತು.

ಹದಿನೇಳನ್ನೂ ಇಲ್ಲಿ ವಿವರಿಸುವ ಅಗತ್ಯವಿಲ್ಲ. ಯಾರ ಮಾತು ಎಂಬ ದೃಷ್ಟಿಯಿಂದ ನೋಡಿದರೆ ಸಾಕು. 'ಸರ್ವರ್ ಸಾಫ್ಟ್‌ವೇರ್' ಎಂಬುದು ಸರ್ವರ್ ತನ್ನನ್ನು ಕುರಿತು ತಾನೇ ಹೇಳಿದ ಮಾತು; ಅದನ್ನು ನಂಬಬಹುದು. 'ರಿಮೋಟ್ ಅಡ್ರೆಸ್' ಎಂಬುದು ಸರ್ವರ್ ಕಣ್ಣಾರೆ ಕಂಡದ್ದು, ಎಂದರೆ ಯಾವ ಅಂಕೆಯ ವಿಳಾಸದಿಂದ ಕರೆ ಬಂದಿತೆಂಬುದು. ಅದೂ ಪ್ರಮಾಣವೇ, ಆದರೆ ಅದು ಬಾಗಿಲಿಗೆ ಬಂದವನನ್ನು ಮಾತ್ರ ತೋರಿಸುತ್ತದೆ, ಅವನನ್ನು ಕಳುಹಿಸಿದವನನ್ನಲ್ಲ. ಮಣಿಪಾಲದ ಒಂದು ವಿದ್ಯಾರ್ಥಿನಿಲಯದಲ್ಲಿ ನೂರು ಮಂದಿ ಒಂದೇ ಹೊರಬಾಗಿಲಿನ ಮೂಲಕ ಜಾಲಕ್ಕೆ ಹೋಗುತ್ತಿದ್ದರೆ ದೂರದ ಸರ್ವರಿಗೆ ಆ ನೂರು ಮಂದಿಯೂ ಒಂದೇ ವಿಳಾಸ. 'ರಿಮೋಟ್ ಐಡೆಂಟ್' ಎಂಬುದಂತೂ ವಿಚಿತ್ರವಾದದ್ದು. ಬಂದವನಾರೆಂದು ಬಂದವನ ಯಂತ್ರವನ್ನೇ ಕೇಳಿ, ಅದು ಹೇಳಿದ್ದನ್ನು ಬರೆದುಕೊಳ್ಳುವುದು! ಪರಸ್ಪರ ಪರಿಚಿತರಾದ ಕೆಲವೇ ವಿಶ್ವವಿದ್ಯಾಲಯಗಳ ನಡುವೆ ಜಾಲವಿದ್ದ ಕಾಲದ ಸರಳತೆಯದು. ಅದರ ಬಳಕೆ ಬೇಗನೆ ನಿಂತುಹೋಯಿತು.

ಇವುಗಳ ಹೊರತಾಗಿ ಇನ್ನೊಂದು ವರ್ಗವಿದೆ. ಅದೇ ಈ ಚರಿತ್ರೆಯ ತಿರುಳು. ಬ್ರೌಸರ್ ಬಿನ್ನಹದೊಡನೆ ಹಲವು ತಲೆಸಾಲುಗಳನ್ನು ಕಳುಹಿಸುತ್ತದೆ: ತಾನು ಯಾವ ಬ್ರೌಸರ್, ಯಾವ ಭಾಷೆ ತನಗೆ ಇಷ್ಟ, ಯಾವ ಪುಟದಿಂದ ಬಂದೆ ಇತ್ಯಾದಿ. ಇವನ್ನು ಪರಿಸರದಲ್ಲಿಡುವಾಗ ಪ್ರತಿಯೊಂದರ ಹೆಸರಿನ ಮೊದಲಿಗೂ 'ಎಚ್‌ಟಿಟಿಪಿ' ಎಂಬ ನಾಲ್ಕಕ್ಷರವನ್ನೂ ಒಂದು ಅಡಿಗೆರೆಯನ್ನೂ ಸೇರಿಸತಕ್ಕದ್ದೆಂದು ವಿಧಿಸಿದರು. ನಮ್ಮ ಶಾಸ್ತ್ರಗ್ರಂಥಗಳಲ್ಲಿ 'ಇತಿ' ಎಂಬ ಅವ್ಯಯವು ಮಾಡುವ ಕೆಲಸವನ್ನೇ ಈ ಉಪಸರ್ಗವು ಮಾಡುತ್ತದೆ: ಇದು ನನ್ನ ಮಾತಲ್ಲ, ಅವನು ಹೀಗೆಂದನು ಎಂದು. ಮಂಗಳೂರು ಸೀಮೆಯ ವಿದ್ವಾಂಸರು ಇದರ ಬೆಲೆಯನ್ನು ಬಲ್ಲರು. ಉಡುಪಿಯ ಎಂ. ಜಿ. ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಸಿದ್ಧವಾಗಿ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರಬಂದ ತುಳು ನಿಘಂಟು, ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ, ಪದದ ರೂಪಭೇದಗಳನ್ನು ಕೊಡುವಾಗ ಅದು ಯಾರ ಆಡುಮಾತೆಂಬುದನ್ನೂ ಗುರುತಿಸಿ ಕೊಡುತ್ತದೆ. ಮೂಲನಿರ್ದೇಶವಿಲ್ಲದ ರೂಪವು ಭಾಷಾಶಾಸ್ತ್ರಜ್ಞನಿಗೆ ಅರ್ಧ ಮಾತ್ರ ಉಪಯುಕ್ತ.

ಆದರೆ ಹೆಸರುಗಳನ್ನು ಹೀಗೆ ಪರಿವರ್ತಿಸುವಾಗ ಒಂದು ನಷ್ಟವೂ ಉಂಟಾಯಿತು. ತಲೆಸಾಲುಗಳ ಹೆಸರಿನಲ್ಲಿ ಪದಗಳ ನಡುವೆ ಅಡ್ಡಗೆರೆಯಿರುವುದು ವಾಡಿಕೆ. ಶೆಲ್ಲಿನ ಚರದ ಹೆಸರಿನಲ್ಲಿ ಅಡ್ಡಗೆರೆಗೆ ಎಡೆಯಿಲ್ಲ. ಆದಕಾರಣ ಎಲ್ಲ ಅಕ್ಷರಗಳನ್ನೂ ದೊಡ್ಡಕ್ಷರ ಮಾಡಿ, ಅಡ್ಡಗೆರೆಯನ್ನು ಅಡಿಗೆರೆಯಾಗಿಸಿದರು. ಅಡ್ಡಗೆರೆಯ ಹೆಸರೂ ಅಡಿಗೆರೆಯ ಹೆಸರೂ ಒಂದೇ ಆಗಿಹೋದುವು. ಹಳಗನ್ನಡದ ಱಕಾರ ೞಕಾರಗಳು ರಕಾರ ಳಕಾರಗಳಲ್ಲಿ ಲೀನವಾದ ಮೇಲೆ, ಹೊಸ ಬರಹದ ಪದವೊಂದನ್ನು ಮಾತ್ರ ನೋಡಿದವನಿಗೆ ಅದರ ಮೂಲರೂಪವು ಯಾವುದೆಂದು ತಿಳಿಯದಂತಾದುದು ಸಾಹಿತ್ಯದ ಅಧ್ಯಾಪಕರಿಗೆ ದಿನನಿತ್ಯದ ಅನುಭವವಷ್ಟೆ. ಇಲ್ಲಿಯೂ ಅದೇ ಆಯಿತು. ನಡುವಿನ ಕಾವಲು ಯಂತ್ರವು ಅಡ್ಡಗೆರೆಯ ಹೆಸರನ್ನು ತಡೆದರೆ, ಕಪಟಿಯು ಅಡಿಗೆರೆಯ ಹೆಸರಿನಿಂದ ಅದೇ ಚರವನ್ನು ತುಂಬಬಲ್ಲನು. ಎಂಜಿನ್‌ಎಕ್ಸ್ ಎಂಬ ಪ್ರಸಿದ್ಧ ಸರ್ವರ್ ಅಡಿಗೆರೆಯುಳ್ಳ ತಲೆಸಾಲುಗಳನ್ನು ಸಾಮಾನ್ಯವಾಗಿ ಕಳೆದುಬಿಡುವುದಕ್ಕೆ ಕಾರಣವಿದೇ.

ಪಾಠಶೋಧಕರಿಗೆ ರುಚಿಸುವ ಇನ್ನೊಂದು ಸಂಗತಿಯೂ ಇದೆ. ಯಾವ ಪುಟದಿಂದ ಬಂದೆನೆಂದು ತಿಳಿಸುವ ತಲೆಸಾಲಿಗೆ ಇಂಗ್ಲಿಷಿನಲ್ಲಿ 'ರೆಫರರ್' ಎಂದು ಹೆಸರು. ಆ ಪದದ ಸರಿಯಾದ ಬರವಣಿಗೆಯಲ್ಲಿ ನಡುವಣ ರಕಾರಕ್ಕೆ ದ್ವಿತ್ವವುಂಟು. ಮೊದಲ ಬರಹಗಾರರ ಕೈತಪ್ಪಿನಿಂದ ಒಂದು ರಕಾರ ಬಿದ್ದುಹೋಗಿ, ಆ ಅಪಪಾಠವೇ 1996ರ ಆರ್‌ಎಫ್‌ಸಿ 1945ರಲ್ಲಿ ಪ್ರಮಾಣವಾಗಿ ನಿಂತು, ಪರಿಸರ ಚರಕ್ಕೂ ಇಳಿಯಿತು. ಶುದ್ಧಪಾಠವನ್ನು ಬರೆದವನ ಕ್ರಮವಿಧಿಗೆ ಏನೂ ದೊರೆಯದು. ಲಿಪಿಕಾರನ ತಪ್ಪನ್ನು ತಿದ್ದಿದರೆ ಗ್ರಂಥವೇ ಓದಲು ಬಾರದಂತಾಗುವ ನಿದರ್ಶನವು ಹಸ್ತಪ್ರತಿಗಳ ಲೋಕದಲ್ಲಿ ವಿರಳ.

ಇನ್ನು ಕನ್ನಡದ ವಿಷಯ. ಶೋಧಿಸುವವನು ಬರೆದ ಪದವು 'ಕ್ವೆರಿ ಸ್ಟ್ರಿಂಗ್' ಎಂಬ ಚರದಲ್ಲಿ ಬರುತ್ತದೆ. ಜಾಲದ ವಿಳಾಸದಲ್ಲಿ ರೋಮನ್ ಲಿಪಿಯ ಕೆಲವು ಅಕ್ಷರ ಅಂಕೆಗಳಿಗೆ ಮಾತ್ರ ಪ್ರವೇಶವಿರುವುದರಿಂದ ಉಳಿದವು ಶೇಕಡಾ ಚಿಹ್ನೆ ಮತ್ತು ಎರಡು ಷೋಡಶಮಾನ ಅಂಕೆಗಳ ವೇಷದಲ್ಲಿ ಬರಬೇಕು. ಯುನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕು. ಒಂದು ಬೈಟಿಗೆ ಮೂರು ಚಿಹ್ನೆಯಂತೆ ಒಂದು ಸಂಕೇತಕ್ಕೆ ಒಂಬತ್ತು. ಸ್ವರಚಿಹ್ನೆಗೂ ವಿರಾಮಕ್ಕೂ ಪ್ರತ್ಯೇಕ ಸಂಕೇತವೆಂಬುದನ್ನು ಮರೆಯಬಾರದು. ಹೀಗಾಗಿ 'ಕಾಪು' ಎಂಬ ಎರಡಕ್ಷರದ ಊರು 36 ಚಿಹ್ನೆಗಳಾಗುತ್ತದೆ, 'ಉಡುಪಿ' 45, 'ಮಣಿಪಾಲ'ವೂ 'ಕಾರ್ಕಳ'ವೂ 54. ರೋಮನ್ ಲಿಪಿಯಲ್ಲಿ ಉಡುಪಿಯನ್ನು ಬರೆದವನು ಐದಾರು ಚಿಹ್ನೆಗಳಲ್ಲಿ ಮುಗಿಸುತ್ತಾನೆ.

ಇಷ್ಟರಿಂದಲೇ ಮುಗಿಯದು. ಅದೇ ಪದವು ವಿಳಾಸದ ದಾರಿಯ ಭಾಗವಾಗಿ ಬಂದರೆ 'ಪಾತ್ ಇನ್ಫೋ' ಎಂಬ ಬೇರೆ ಚರದಲ್ಲಿ ಸೇರುತ್ತದೆ. ಒಡಂಬಡಿಕೆಯ ಪ್ರಕಾರ ಅದರ ವೇಷವನ್ನು ಸರ್ವರ್ ಮೊದಲೇ ಕಳಚಿರಬೇಕು. 'ಕ್ವೆರಿ ಸ್ಟ್ರಿಂಗ್' ಮಾತ್ರ ವೇಷದಲ್ಲೇ ಉಳಿಯಬೇಕು. ಒಂದರಲ್ಲಿ ಉಡುಪಿಯು 15 ಬೈಟು, ಇನ್ನೊಂದರಲ್ಲಿ 45 ಚಿಹ್ನೆ. ಇಂಗ್ಲಿಷನ್ನು ಮಾತ್ರ ಬಳಸುವವನಿಗೆ ಎರಡೂ ಒಂದೇ ರೀತಿ ಕಾಣುವುದರಿಂದ ಈ ಭೇದವು ಅವನ ಲಕ್ಷ್ಯಕ್ಕೇ ಬಾರದು. ಕನ್ನಡದವನಿಗೆ ಅದು ಮೊದಲ ದಿನವೇ ಎದುರಾಗುವ ತೊಡಕು. ಆ ಬೈಟುಗಳು ಯಾವ ಲಿಪಿಸಂಕೇತಕ್ಕೆ ಸೇರಿದುವೆಂಬುದನ್ನು ಹೇಳುವ ಚರವೊಂದು ಹದಿನೇಳರಲ್ಲಿ ಇಲ್ಲವೆಂಬುದೇ ಈ ಒಡಂಬಡಿಕೆಯ ದೊಡ್ಡ ಕೊರತೆಯೆಂದು ನಮ್ಮ ಅಭಿಪ್ರಾಯ.

ಆ ಕೊರತೆಯ ಫಲವನ್ನು ಕನ್ನಡಿಗರು ಉಂಡಿದ್ದಾರೆ. ಭಾರತದಲ್ಲಿ ಅಂತರ್ಜಾಲವು ಸಾರ್ವಜನಿಕರಿಗೆ ತೆರೆದುದು 1995ರ ಆಗಸ್ಟ್ 15ರಂದು. ಮರುವರ್ಷವೇ ಯು. ಬಿ. ಪವನಜರ 'ವಿಶ್ವಕನ್ನಡ'ದ ಮೂಲಕ ಕನ್ನಡವು ಜಾಲದಲ್ಲಿ ಕಾಣಿಸಿಕೊಂಡಿತು. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನವಿತ್ತಾದರೂ ಮನೆಮನೆಯ ಯಂತ್ರಗಳಿಗೆ ಅದು ಬಂದುದು 2001ರ ವಿಂಡೋಸ್ ಎಕ್ಸ್‌ಪಿಯಿಂದ ಈಚೆಗೆ. ಅಲ್ಲಿಯವರೆಗೆ ರೋಮನ್ ಸಂಕೇತಗಳ ಮೇಲೆ ಕನ್ನಡದ ಅಕ್ಷರಭಾಗಗಳ ಆಕೃತಿಗಳನ್ನು ಹೊದಿಸಿದ ಫಾಂಟುಗಳೇ ಗತಿ. ಕೆ. ಪಿ. ರಾಯರ ಕೀಲಿಮಣೆಯ ವಿನ್ಯಾಸವು ನುಡಿ ತಂತ್ರಾಂಶದ ಮೂಲಕ ನಾಡಿನಲ್ಲೆಲ್ಲ ಹರಡಿ ಬೆರಳಿಗೆ ಏಕರೂಪತೆಯನ್ನು ತಂದಿತು. ಬೆರಳಿನಿಂದಾಚೆ ಯಂತ್ರದೊಳಗಿನ ಸಂಕೇತಗಳು ಮಾತ್ರ ಫಾಂಟಿನಿಂದ ಫಾಂಟಿಗೆ ಬೇರೆಯಾಗಿದ್ದುವು. ಅಂಥ ಫಾಂಟಿನಲ್ಲಿ ಬರೆದು ಕಳುಹಿಸಿದ 'ಉಡುಪಿ'ಯು ಪರಿಸರ ಚರದೊಳಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಬರುತ್ತಿತ್ತು. ಅದನ್ನು ಎದುರಿಗೆ ಕುಳಿತ ಓದುಗನು ಕನ್ನಡವೆಂದು ಕಂಡರೂ ಕ್ರಮವಿಧಿಯು ಕನ್ನಡವೆಂದು ಅರಿಯುವ ಮಾರ್ಗವಿರಲಿಲ್ಲ. ಕಂಡದ್ದಕ್ಕೂ ಬರೆದದ್ದಕ್ಕೂ ಸಂಬಂಧ ಕಡಿದ ಆ ಪುಟಗಳು ಇಂದಿನ ಶೋಧಯಂತ್ರಗಳಿಗೆ ಎಟುಕದೆ ಉಳಿದಿರುವುದು ಸಾಹಿತ್ಯಚರಿತ್ರಕಾರನು ಗಮನಿಸಬೇಕಾದ ನಷ್ಟ.

ಪರರ ಮಾತನ್ನೂ ಮನೆಯ ಮಾತನ್ನೂ ಒಂದೇ ಕಂತೆಯಲ್ಲಿ ಇಟ್ಟುದರ ಅಪಾಯವು ಮೊದಲಿನಿಂದಲೂ ಕೆಲವರಿಗೆ ತಿಳಿದಿತ್ತು. ಪರ್ಲ್ ಭಾಷೆಯಲ್ಲಿ ಒಂದು ಕ್ರಮವುಂಟು: ಅದನ್ನು ಜಾರಿಗೊಳಿಸಿದರೆ ಪರಿಸರದಿಂದ ಬಂದ ಬೆಲೆಯೆಲ್ಲವೂ ಮೈಲಿಗೆ, ಕ್ರಮವಿಧಿಯು ಅದನ್ನು ಪರೀಕ್ಷಿಸಿ ಶುದ್ಧಿಗೊಳಿಸಿದ ಹೊರತು ಅಪಾಯದ ಕೆಲಸಗಳಲ್ಲಿ ಬಳಸುವಂತಿಲ್ಲ, ಮೈಲಿಗೆಯನ್ನು ಮುಟ್ಟಿದ ಇನ್ನೊಂದು ಬೆಲೆಯೂ ಮೈಲಿಗೆಯೇ. ಅಷ್ಟಮಠಗಳ ಊರಿನವರಿಗೆ ಈ ಶಾಸ್ತ್ರವನ್ನು ವಿವರಿಸಬೇಕಾಗಿಲ್ಲ. ಈ ಎಚ್ಚರಿಕೆಯು ಎಲ್ಲೆಡೆಯೂ ಇರಲಿಲ್ಲವೆಂಬುದಕ್ಕೆ ಮೂರು ಪ್ರಸಂಗಗಳು ಸಾಕ್ಷಿಯಾಗಿವೆ.

2012ರಲ್ಲಿ ಪಿಎಚ್‌ಪಿ ಭಾಷೆಯ ಸಿಜಿಐ ರೂಪದಲ್ಲಿ ಕಂಡ ದೋಷವು ಒಂದು ಮರೆತುಹೋದ ಆಚಾರದಿಂದ ಹುಟ್ಟಿತು. ಶೋಧದ ಸಾಲಿನಲ್ಲಿ ಸಮಚಿಹ್ನೆಯಿಲ್ಲದಿದ್ದರೆ ಅದನ್ನು ಆಜ್ಞೆಯ ಸಾಲಿನ ಪದಗಳಾಗಿಯೂ ಕೊಡಬೇಕೆಂಬ ಆದಿಕಾಲದ ವಿಧಿಯೊಂದಿತ್ತು. ಅದನ್ನು ಬಳಸುವವರು ಇಲ್ಲವಾಗಿದ್ದರೂ ವಿಧಿಯು ಉಳಿದಿತ್ತು. ಅದರ ಮೂಲಕ ಹೊರಗಿನವನು ಪಿಎಚ್‌ಪಿಗೇ ಆಜ್ಞೆಗಳನ್ನು ಕೊಡಬಲ್ಲವನಾದನು.

2014ರ ಸೆಪ್ಟೆಂಬರ್ 24ರಂದು ಪ್ರಕಟವಾದುದು ಇನ್ನೂ ಗಂಭೀರವಾದದ್ದು. ಬ್ಯಾಶ್ ಎಂಬ ಶೆಲ್ ಪರಿಸರ ಚರಗಳ ಮೂಲಕ ತನ್ನ ಮಕ್ಕಳಿಗೆ ಕಾರ್ಯಸೂತ್ರಗಳನ್ನು ದಾಟಿಸುತ್ತಿತ್ತು. ಚರದ ಬೆಲೆ ಒಂದು ನಿರ್ದಿಷ್ಟ ಕಂಸಗಳಿಂದ ಆರಂಭವಾದರೆ ಅದನ್ನು ಸೂತ್ರವೆಂದು ತಿಳಿದು, ಸೂತ್ರ ಮುಗಿದ ಮೇಲೆಯೂ ನಿಲ್ಲದೆ ಮುಂದಿನ ಮಾತನ್ನು ಆಜ್ಞೆಯೆಂದು ನಡೆಸಿಬಿಡುತ್ತಿತ್ತು. ಈ ದೋಷವು 1989ರಿಂದಲೂ ಅಲ್ಲಿತ್ತು. ಆಗ ಪರಿಸರವೆಂದರೆ ಮನೆಯೊಳಗಿನ ಮಾತು. ಅದರಲ್ಲಿ ಪರಕೀಯನಿಗೆ ಎಡೆಯೇ ಇರಲಿಲ್ಲ. 1993ರ ಒಡಂಬಡಿಕೆಯು ಬಾಗಿಲು ತೆರೆದ ಮೇಲೆ ಯಾರು ಬೇಕಾದರೂ ತನ್ನ ಬ್ರೌಸರಿನ ಹೆಸರಿನ ಜಾಗದಲ್ಲಿ ಆಜ್ಞೆಯನ್ನು ಬರೆದು ಕಳುಹಿಸಬಹುದಾಯಿತು. ಎರಡು ನಿರ್ದೋಷ ಪದ್ಧತಿಗಳ ಕೂಡುವಿಕೆಯಿಂದ ಹುಟ್ಟಿದ ಈ ಅನರ್ಥವನ್ನು ಸ್ಟೆಫಾನ್ ಶಜೆಲಾಸ್ ಅವರು ಕಂಡುಹಿಡಿಯುವವರೆಗೆ ಎರಡು ದಶಕಗಳಿಗೂ ಮೀರಿ ಲೋಕಕ್ಕೆ ಅದರ ಅರಿವಾಗಲಿಲ್ಲ.

ಮೂರನೆಯದರಲ್ಲಿ ಆ ಮೆಚ್ಚತಕ್ಕ ಉಪಸರ್ಗವೇ ಮೋಸಹೋಯಿತು. ಹೊರಗೆ ಹೋಗುವ ಕರೆಗಳನ್ನು ಯಾವ ಮಧ್ಯವರ್ತಿಯ ಮೂಲಕ ಕಳುಹಿಸಬೇಕೆಂಬುದನ್ನು 'ಎಚ್‌ಟಿಟಿಪಿ ಪ್ರಾಕ್ಸಿ' ಎಂಬ ಪರಿಸರ ಚರದಲ್ಲಿ ಬರೆದಿಡುವ ವಾಡಿಕೆಯು ಸ್ವತಂತ್ರವಾಗಿ ಬೆಳೆದಿತ್ತು. ಹೊರಗಿನವನು 'ಪ್ರಾಕ್ಸಿ' ಎಂಬ ತಲೆಸಾಲನ್ನು ಕಳುಹಿಸಿದರೆ ಉಪಸರ್ಗ ಸೇರಿ ಅದೇ ಹೆಸರಾಗುತ್ತದೆ! ಪರರ ಮಾತೆಂದು ಗುರುತಿಸಲು ಇಟ್ಟ ಮುದ್ರೆಯೇ ಅದನ್ನು ಯಜಮಾನನ ಮಾತಾಗಿ ಮಾಡಿತು. ಪರ್ಲಿನ ಒಂದು ಸಂಗ್ರಹದಲ್ಲಿ ಇದನ್ನು ರ‍್ಯಾಂಡಲ್ ಶ್ವಾರ್ಟ್ಸ್ ಅವರು 2001ರಲ್ಲೇ ತೋರಿಸಿಕೊಟ್ಟು ತಿದ್ದುಪಡಿಯೂ ಆಗಿತ್ತು. 'ಕರ್ಲ್' ಎಂಬ ಸಾಧನವು ಆ ಹೆಸರನ್ನು ಸಣ್ಣಕ್ಷರದಲ್ಲಿ ಮಾತ್ರ ಓದುವುದರಿಂದ ಪಾರಾಯಿತು, ತಲೆಸಾಲುಗಳೆಲ್ಲ ದೊಡ್ಡಕ್ಷರವಾಗುತ್ತವಷ್ಟೆ. ಆದರೂ 2016ರ ಜುಲೈಯಲ್ಲಿ ಪಿಎಚ್‌ಪಿ, ಗೋ, ಪೈಥಾನ್ ಭಾಷೆಗಳ ಹಲವು ಸಂಗ್ರಹಗಳಲ್ಲಿ ಅದೇ ದೋಷವು ಮತ್ತೆ ಕಂಡುಬಂದಿತು. ಒಂದು ಮನೆಯಲ್ಲಿ ತಿದ್ದಿದ ಪಾಠವು ನೆರೆಮನೆಗೆ ತಲುಪಲು ಹದಿನೈದು ವರ್ಷ ಸಾಲಲಿಲ್ಲ.

ಪ್ರತಿ ಬಿನ್ನಹಕ್ಕೊಂದು ಕ್ರಮವಿಧಿಯನ್ನು ಹುಟ್ಟಿಸುವ ಪದ್ಧತಿಯು ಜನಸಂದಣಿ ಹೆಚ್ಚಿದಂತೆ ಭಾರವಾಗಿ, 1996ರ ಫಾಸ್ಟ್‌ಸಿಜಿಐ ಮೊದಲಾದ ಮಾರ್ಗಗಳು ಬಂದುವು. ಲಿಂಕನ್ ಸ್ಟೈನ್ ಅವರ ಪ್ರಸಿದ್ಧ ಸಿಜಿಐ ಸಂಗ್ರಹವನ್ನು ಪರ್ಲ್ ತನ್ನ ಮೂಲಕಟ್ಟಿನಿಂದ 2015ರಲ್ಲಿ ಕೈಬಿಟ್ಟಿತು. ವಿಕಿಪೀಡಿಯವು 2001ರ ಜನವರಿಯಲ್ಲಿ ಪರ್ಲಿನ ಸಿಜಿಐ ಕ್ರಮವಿಧಿಯೊಂದರ ಮೇಲೆ ಆರಂಭವಾಗಿ ಮರುವರ್ಷ ಪಿಎಚ್‌ಪಿಗೆ ಹೋಯಿತು. 2003ರ ಕನ್ನಡ ವಿಕಿಪೀಡಿಯವೂ 2016ರ ತುಳು ವಿಕಿಪೀಡಿಯವೂ ಹುಟ್ಟುವ ವೇಳೆಗೆ ಹಳೆಯ ಮನೆ ಬಿಟ್ಟಾಗಿತ್ತು. ಹೆಸರುಗಳು ಮಾತ್ರ ಸಾಯಲಿಲ್ಲ. ಪಿಎಚ್‌ಪಿಯ 'ಸರ್ವರ್' ಕೋಷ್ಟಕದಲ್ಲಿ, 2003ರಲ್ಲಿ ಫಿಲಿಪ್ ಎಬಿ ಅವರು ಪೈಥಾನ್ ಭಾಷೆಗಾಗಿ ರೂಪಿಸಿದ ಡಬ್ಲ್ಯುಎಸ್‌ಜಿಐ ಒಡಂಬಡಿಕೆಯಲ್ಲಿ, ರೂಬಿಯ ರ‍್ಯಾಕ್‌ನಲ್ಲಿ 'ಕ್ವೆರಿ ಸ್ಟ್ರಿಂಗ್', 'ಪಾತ್ ಇನ್ಫೋ'ಗಳೇ ಇಂದಿಗೂ ನಡೆಯುತ್ತಿವೆ. ಅವು ಈಗ ನಿಜವಾದ ಪರಿಸರದಲ್ಲಿಲ್ಲ, ಸಾಧಾರಣ ಕೋಷ್ಟಕದಲ್ಲಿವೆ. ಪೈಥಾನಿನಲ್ಲಿ ಕೋಷ್ಟಕದ ಹೆಸರು ಮಾತ್ರ 'ಎನ್ವೈರಾನ್' ಎಂದೇ ಉಳಿದಿದೆ. ಪೇಟೆ ಹೋದ ಮೇಲೆಯೂ ಊರಿಗೆ 'ಅಂಗಡಿ' ಎಂಬ ಹೆಸರು ಉಳಿಯುವಂತೆ.

ಡಬ್ಲ್ಯುಎಸ್‌ಜಿಐಯ 2010ರ ಪರಿಷ್ಕರಣದಲ್ಲಿ ಬೈಟುಗಳನ್ನು ಪಶ್ಚಿಮ ಯುರೋಪಿನ ಲ್ಯಾಟಿನ್-1 ಅಕ್ಷರಗಳೆಂದು ತಾತ್ಕಾಲಿಕವಾಗಿ ಓದಿ ಕೊಡತಕ್ಕದ್ದೆಂದು ವಿಧಿಸಿದ್ದಾರೆ. ಆದಕಾರಣ ದಾರಿಯಲ್ಲಿ ಬಂದ 'ಉಡುಪಿ'ಯು ಅಲ್ಲಿ ಹದಿನೈದು ವಿದೇಶೀಯ ಅಕ್ಷರಗಳಾಗಿ ನಿಲ್ಲುತ್ತದೆ. ಕನ್ನಡದ ಪ್ರತಿ ಸಂಕೇತದ ಮೊದಲಿಗೂ ತಲೆಯ ಮೇಲೆ ಓರೆಗೆರೆಯುಳ್ಳ ಒಂದೇ 'ಎ'ಕಾರವಿರುವುದನ್ನು ಕಂಡು ಅಭ್ಯಾಸವಾದವರು ಇದು ಕನ್ನಡವಿರಬಹುದೆಂದು ಊಹಿಸಬಲ್ಲರು. ಅದನ್ನು ಮತ್ತೆ ಬೈಟುಗಳಿಗೆ ಇಳಿಸಿ, ಯುಟಿಎಫ್-8 ಎಂದು ಓದಿದ ಮೇಲೆ ಊರು ತನ್ನ ರೂಪಕ್ಕೆ ಬರುತ್ತದೆ. ಓದುಗನ ಭಾಷೆಯನ್ನು ತಿಳಿಸುವ ಚರದಲ್ಲಿ ಕನ್ನಡಕ್ಕೆ ಎರಡಕ್ಷರದ ಸಂಕೇತವಿದೆ, ತುಳುವಿಗೆ ಮೂರಕ್ಷರದ್ದು. ಉಡುಪಿಯ ಮಠಗಳ ತಾಳೆಯೋಲೆಗಳ ತಿಗಳಾರಿ ಲಿಪಿಯು ತುಳು-ತಿಗಳಾರಿ ಎಂಬ ಹೆಸರಿನಿಂದ 2024ರ ಸೆಪ್ಟೆಂಬರಿನಲ್ಲಿ ಯುನಿಕೋಡಿನ 16ನೆಯ ಆವೃತ್ತಿಯನ್ನು ಸೇರಿದೆ. ಅದಕ್ಕೆ ದೊರೆತ ಸ್ಥಾನವು ಬಹಳ ಮೇಲಿನದಾದುದರಿಂದ ಅದರ ಒಂದೊಂದು ಸಂಕೇತಕ್ಕೂ ನಾಲ್ಕು ಬೈಟು ಬೇಕು; 'ಕ್ವೆರಿ ಸ್ಟ್ರಿಂಗ್'ನಲ್ಲಿ ಅದು ಹನ್ನೆರಡು ಚಿಹ್ನೆಗಳಾಗಿ ಬರುತ್ತದೆ.